ಅತ್ತೆಯ ಕೈಗೆಟುಕುವ ಒಲೆ

ನಮ್ಮತ್ತೆ ಕೊತ್ತಗೆರೆ ಬಿಟ್ಟು ತುಮಕೂರಿಗೆ ನಮ್ಮ ಜೊತೆ ಇರಲು ಬಂದಾಗ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆ ಅದನ್ನು ಕೇಳಿ, 'ಸರಿ ಬುಡಿ ಸ್ವಾಮಿ, ನೋಡೋದೆಲ್ಲ ನೋಡಾಯ್ತು' ಅಂದು ಎದ್ದು ಬಂದಿದ್ದರು.

ಅವರು ಅದುವರೆಗೆ ಇದ್ದದ್ದು ದೊಡ್ಡ ಮಗನ ಮನೆಯಲ್ಲಿ, ಎಂದರೆ ನನ್ನ ಭಾವನ ಮನೆಯಲ್ಲಿ. ಕಣ್ಣು ಮಂಜಾಗುತ್ತಿದ್ದರೂ ಒಲೆ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುವಾಗ ಸೆರಗಿಗೆ ಬೆಂಕಿ ಹತ್ತಿತು. ಭಾವ ಹಿತ್ತಲಲ್ಲೇ ಇದ್ದದ್ದರಿಂದ ಓಡಿ ಬಂದು ಬಿಂದಿಗೆ ನೀರು ಸುರಿದರು. ಜೀವಕ್ಕೇನೂ ಆಗಲಿಲ್ಲ, ಆದರೆ ಎಡಗೈ ಮೊಣಕೈವರೆಗೆ ಸುಟ್ಟಿತು. ಗಾಯ ಮಾಯ್ದ ಮೇಲೂ ಆ ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಆವತ್ತು ಭಾವ, 'ಇನ್ಮೇಲೆ ಒಲೆ ಮುಟ್ಟಿದ್ರೆ ನನ್ನಾಣೆ ಕಣವ್ವ' ಅಂದರು. ಅತ್ತೆ ಆ ಆಣೆ ಮೀರಲಿಲ್ಲ. ಆದರೆ ಅಡುಗೆಮನೆ ಬಿಟ್ಟರೆ ಆ ಮನೆಯಲ್ಲಿ ಅವರಿಗೆ ಮಾಡಲು ಬೇರೆ ಏನೂ ಇರಲಿಲ್ಲ. ಎಲ್ಲರೂ ಹೊಲಕ್ಕೆ ಹೋದ ಮೇಲೆ ಒಬ್ಬರೇ ಜಗಲಿಯ ಮೇಲೆ ಕೂತಿರುತ್ತಿದ್ದರು. ಹಬ್ಬಕ್ಕೆ ಹೋಗಿದ್ದಾಗ ಅದನ್ನು ಕಂಡ ನನ್ನ ಯಜಮಾನರು ಜೊತೆಗೇ ಕರೆದುಕೊಂಡು ಬಂದರು.

ಹಾಗೆಂದು ನಮ್ಮ ಮನೆಯಲ್ಲಾದರೂ ಹಗಲು ಯಾರಿರುತ್ತಿದ್ದರು? ನಾನು ಗುಬ್ಬಿಯಲ್ಲಿ ಹೈಸ್ಕೂಲು ಮೇಡಂ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕಿತ್ತು. ಯಜಮಾನರ ಆಫೀಸು ಕುಣಿಗಲ್ಲಿನಲ್ಲಿ. ಇಬ್ಬರೂ ಒಂದೇ ಬಸ್‌ಸ್ಟ್ಯಾಂಡಿಗೆ ಬಂದು ಎರಡು ದಿಕ್ಕಿಗೆ ಬಸ್ಸು ಹತ್ತುತ್ತಿದ್ದೆವು. ಮಗಳು ಹಾಸ್ಟೆಲಿನಲ್ಲಿದ್ದಳು. ಅತ್ತೆಯ ಮಧ್ಯಾಹ್ನದ ಊಟವನ್ನು ನಾನು ಹಾಟ್‌ಕೇಸಿನಲ್ಲಿ ತುಂಬಿ, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟು ಹೋಗುತ್ತಿದ್ದೆ. ಅನ್ನ ಏಳಕ್ಕೆ ಮಾಡಿದ್ದು, ಅವರು ಉಣ್ಣುವುದು ಒಂದಕ್ಕೆ. ಮುದ್ದೆಯಂತೂ ಹೇಳುವುದೇ ಬೇಡ, ಬಟ್ಟೆ ಸುತ್ತಿಟ್ಟರೂ ಕಲ್ಲಾಗಿರುತ್ತಿತ್ತು. ಅತ್ತೆ ಒಂದು ದಿನವೂ ದೂರಲಿಲ್ಲ.

ಒಂದು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದೆ. ಅತ್ತೆ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಅನ್ನ, ಸೊಪ್ಪಿನ ಸಾರು. ಅದರ ಮೇಲೆ ಫ್ಲಾಸ್ಕಿನ ಬಿಸಿನೀರು ಹುಯ್ದುಕೊಂಡು ಕಲೆಸುತ್ತಿದ್ದರು.

'ಏನತ್ತೆ ಇದು?' ಅಂದೆ.

'ಬಿಸಿ ಇರ್ಲಿ ಅಂತ ಕಣವ್ವ. ಸಾರು ವಸಿ ತೆಳ್ಳಗಾಯ್ತದೆ, ಅಷ್ಟೇಯ' ಅಂದರು.

ನಾನು ಸೀರೆ ಕೂಡ ಬದಲಿಸದೆ ಹೋಗಿ ಗ್ಯಾಸ್ ಹಚ್ಚಿ ಸಾರು ಕಾಯಿಸಿ ತಂದೆ. ಅವರು ಉಂಡರು. ಆದರೆ ಸೋಮವಾರ ಮತ್ತೆ ಅದೇ ಫ್ಲಾಸ್ಕು ತುಂಬಿಸಿಟ್ಟೇ ಬಸ್ಸು ಹತ್ತಬೇಕಾಗಿತ್ತು.

ಆಗ ನಾವು ಗೂಳೂರು ಕಡೆಗೆ ಹೋಗುವ ರಸ್ತೆಯ ಒಂದು ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದೆವು. ಗಾರೆ ಕೆಲಸ ಮುಗಿದು ಅಡುಗೆಮನೆಯ ಮರಗೆಲಸ ಶುರುವಾಗುವುದರಲ್ಲಿತ್ತು. ಸ್ಟಾಫ್‌ರೂಮಿನಲ್ಲಿ ನಾನು ಅತ್ತೆಯ ಊಟದ ವಿಷಯ ಹೇಳಿದಾಗ ಒಬ್ಬ ಮೇಡಂ, 'ಮೈಕ್ರೋವೇವ್ ತಗೊಳ್ರೀ, ಬೆಂಕಿನೇ ಇರಲ್ಲ' ಅಂದರು. ಇನ್ನೊಬ್ಬರು ತಕ್ಷಣ, 'ಅಯ್ಯೋ, ಅದರಲ್ಲಿ ಬಿಸಿ ಮಾಡಿದ್ರೆ ಸತ್ವವೆಲ್ಲ ಹೋಗುತ್ತಂತೆ' ಅಂದರು. ಇಬ್ಬರ ಮನೆಯಲ್ಲೂ ಅದು ಇರಲಿಲ್ಲ. ಆದರೆ ಬೆಂಕಿಯೇ ಇರುವುದಿಲ್ಲ ಅನ್ನುವ ಮಾತು ನನ್ನ ತಲೆಯಲ್ಲಿ ಉಳಿಯಿತು.

ಯಜಮಾನರಿಗೆ ಹೇಳಿದೆ. ಅವರು ಪೇಪರು ಓದುತ್ತಿದ್ದವರು ತಲೆಯೆತ್ತಿ, 'ನಿಂಗೆ ಬೇಕಾದ್ರೆ ತಗೋ. ಅವ್ವ ಮಾತ್ರ ಮುಟ್ಟೋದು ಬೇಡ' ಅಂದರು.

'ಅವರಿಗೆ ಅಂತಲೇ ಅಲ್ವಾ ನಾನು ಹೇಳ್ತಿರೋದು?'

'ಬೆಂಕಿ ಇಲ್ದಿದ್ರೆ ಏನಾಯ್ತು? ಬಿಸಿ ಬಟ್ಲು ಮೈಮೇಲೆ ಚೆಲ್ಕೊಂಡ್ರೆ? ಅಣ್ಣ ಸುಮ್ನೆ ಬಿಡ್ತಾನಾ ನನ್ನ?'

ಅವರ ಭಯ ಸುಳ್ಳಲ್ಲ. ನಾನು ಹೆಚ್ಚು ಎಳೆಯಲಿಲ್ಲ. ಫ್ಲಾಸ್ಕಿನ ನೀರಿನ ವಿಷಯ ಮಾತ್ರ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹತ್ತುವ ಮುಂಚೆ, 'ಭಾನುವಾರ ಅಂಗಡಿಗೆ ಹೋಗಿ ನೋಡ್ಕೊಂಡು ಬರೋಣ. ನೋಡೋದಷ್ಟೇ' ಅಂದರು.

ಇಡುವುದಾದರೆ ಕಟ್ಟೆಯ ಮೇಲೆ ಇಡುವುದಲ್ಲ ಎಂದು ನಾವಿಬ್ಬರೂ ಮೊದಲೇ ತೀರ್ಮಾನಿಸಿದ್ದೆವು. ಕಟ್ಟೆಯ ಮೇಲಿನ ಸಾಮಾನು ದಿನಕ್ಕೊಂದು ಜಾಗಕ್ಕೆ ಸರಿಯುತ್ತದೆ. ನೆಲ ಒರೆಸುವವಳು ಸರಿಸುತ್ತಾಳೆ, ನಾನು ತರಕಾರಿ ಹೆಚ್ಚಲು ಸರಿಸುತ್ತೇನೆ. ಕಣ್ಣಿಲ್ಲದವರಿಗೆ ಗೇಣು ಸರಿದರೂ ಜಾಗ ತಪ್ಪಿದಂತೆಯೇ. ಜೊತೆಗೆ ಕಟ್ಟೆ ಎಂದರೆ ಗ್ಯಾಸ್ ಸ್ಟೌ ಪಕ್ಕ. ಹೊಸ ಮನೆಯಲ್ಲಿ ಊಟದ ಹಾಲ್‌ನಿಂದ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಬಲಗಡೆಗೊಂದು ಗೋಡೆ, ಸ್ಟೌಗೆ ತೀರ ದೂರ. ಅತ್ತೆಯ ಕೋಣೆಯ ಬಾಗಿಲಿಂದ ಗೋಡೆ ಹಿಡಿದು ಬಂದರೆ ನೇರ ಅಲ್ಲಿಗೇ ಕೈ ಸೇರುತ್ತದೆ. ಆ ಗೋಡೆಯ ಬೀರುವಿನೊಳಗೆ ಓವನ್ ಕೂರಿಸಿಬಿಟ್ಟರೆ ಅದು ಎಂದೂ ಅಲುಗುವುದಿಲ್ಲ. ಇಷ್ಟಕ್ಕೆ ಯಜಮಾನರೂ ಒಪ್ಪಿದರು.

ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಗೋಡೆಯೊಳಗೆ ಕೂರಿಸುವಂಥದ್ದು ಇದ್ದದ್ದು ಒಂದೇ. ಕಪ್ಪು ಗಾಜಿನದು, ಸುತ್ತ ಸ್ಟೀಲಿನ ಫ್ರೇಮು. ಗುಂಡಿ ಅನ್ನುವುದೇ ಇಲ್ಲ, ಗಾಜಿನ ಮೇಲೆ ಬೆರಳಿಟ್ಟರೆ ಹಸಿರು ಅಂಕಿ ಮಿನುಗುತ್ತಿತ್ತು. ಬೀರುವಿನಲ್ಲಿ ಕೂತರೆ ಎಲ್ಲೂ ಸಂದು ಕಾಣುವುದಿಲ್ಲ, ಜಿರಲೆ ಸೇರುವುದಿಲ್ಲ ಎಂದು ಸೇಲ್ಸ್‌ಮನ್ ಹೇಳಿದ. ನಾನು ಅದನ್ನು ನೋಡುತ್ತಾ ನಿಂತೇ ಇದ್ದೆ. ಬಾಡಿಗೆ ಮನೆಗಳ ಹೊಗೆ ಹಿಡಿದ ಅಡುಗೆಮನೆಗಳಲ್ಲಿ ಇಷ್ಟು ವರ್ಷ ಬೇಯಿಸಿದ ನನಗೆ ಆ ಗಾಜು, ಆ ಹೊಳಪು ಬಹಳ ಹಿಡಿಸಿತು. ಯಜಮಾನರಿಗೂ ಹಿಡಿಸಿತು. ಅದರ ಅಳತೆ ಇದ್ದ ಬಣ್ಣದ ಹಾಳೆ ತಂದು ಮರಗೆಲಸದ ಆಚಾರಿಗೆ ಕೊಟ್ಟೆವು.

ಮನೆಗೆ ಬಂದು ಅತ್ತೆಗೆ ಸಂಭ್ರಮದಿಂದ ಎಲ್ಲ ವಿವರಿಸಿದೆ. ಅವರು ಕೇಳಿ, 'ಹಚ್ಚೋದು ಹೆಂಗೆ?' ಅಂದರು.

'ಗಾಜಿನ ಮೇಲೆ ಸುಮ್ನೆ ಮುಟ್ಟಿದ್ರೆ ಸಾಕತ್ತೆ.'

'ಗಾಜಿನ ಮ್ಯಾಲೆ ಎಲ್ಲಿ?'

ಅವರ ಕೈ ಹಿಡಿದು ಟೇಬಲ್ಲಿನ ಮೇಲೆ ಇಟ್ಟು ಇಲ್ಲಿ, ಇಲ್ಲಿ ಅಂತ ತೋರಿಸಲು ನೋಡಿದೆ. ಟೇಬಲ್ಲೂ ಗಾಜಿನಷ್ಟೇ ನುಣ್ಣಗಿತ್ತು.

'ಎಲ್ಲಾ ಒಂದೇ ಥರ ಇದ್ರೆ ನಂಗೆ ಹೆಂಗವ್ವ ಗೊತ್ತಾಗ್ಬೇಕು?' ಅಂದರು. ಆಮೇಲೆ, 'ನನ್ನೂ ಒಂದ್ಸಲ ಕರ್ಕಂಡೋಗು ಅಂಗಡಿಗೆ' ಅಂದರು.

ಮುಂದಿನ ಭಾನುವಾರ ಮೂವರೂ ಆಟೋ ಮಾಡಿಕೊಂಡು ಹೋದೆವು. ಸೇಲ್ಸ್‌ಮನ್ ಅತ್ತೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ನನಗೆ ಮತ್ತೆ ಅದೇ ಗಾಜಿನ ಗುಣಗಾನ ಶುರುಮಾಡಿದ. ಅತ್ತೆ ಎದ್ದು ಬಂದು, 'ಎಲ್ಲಿ ಐತೆ?' ಅಂತ ಕೈ ಮುಂದೆ ಚಾಚಿದರು. ಗಾಜಿನ ಮೇಲೆ ಅಂಗೈ ಆಡಿಸಿದರು. ಅವರ ಅಂಗೈ ತಾಗಿ ಓವನ್ನು ಬೀಪ್ ಬೀಪ್ ಬೀಪ್ ಎಂದು ಬಾಯಿ ಮಾಡಿತು. ಅಂಗಡಿಯಲ್ಲಿದ್ದವರೆಲ್ಲ ಈ ಕಡೆ ತಿರುಗಿದರು.

'ಇದು ನಂಗಾಗಲ್ಲ. ಬ್ಯಾರೆ ತೋರ್ಸು' ಅಂದರು.

ಕಟ್ಟೆಯ ಮೇಲಿಡುವ ಸಾಮಾನ್ಯ ಓವನ್‌ಗಳು ಸಾಲಾಗಿದ್ದವು. ಅತ್ತೆ ಒಂದೊಂದನ್ನೂ ತಡವುತ್ತಾ ಹೋದರು. ಒಂದರ ಬಾಗಿಲು ಕೆಳಕ್ಕೆ ಬೀಳುವಂಥದ್ದು, ಅದು ಅವರ ಮುಂಗೈ ಮೇಲೇ ಬಿತ್ತು. 'ಇದ್ರ ಮ್ಯಾಲೆ ಬಗ್ಗಿ ಒಳೀಕೆ ಕೈ ಹಾಕ್ಬೇಕಾ? ಬ್ಯಾಡಪ್ಪ' ಅಂದು ಮುಂದಕ್ಕೆ ಸರಿದರು. ಸಾಲಿನ ಕೊನೆಯಲ್ಲಿ ಬಿಳಿಯದೊಂದಿತ್ತು. ಬಾಗಿಲು ಎಡಕ್ಕೆ ತೆರೆಯುತ್ತಿತ್ತು. ಬಲಗಡೆ ಬಿಸಿಗೆ ಮೇಲೊಂದು, ಹೊತ್ತಿಗೆ ಕೆಳಗೊಂದು ದಪ್ಪ ತಿರುಗುಗುಂಡಿ, ಅವುಗಳ ಕೆಳಗೆ ಬಾಗಿಲು ತೆಗೆಯಲು ಒತ್ತುವ ದೊಡ್ಡ ಗುಂಡಿ. ತಿರುಗುಗುಂಡಿಯ ಬೆನ್ನ ಮೇಲೆ ಉಬ್ಬಿದ ಒಂದು ಗೆರೆ ಇತ್ತು. ಅತ್ತೆ ಹೆಬ್ಬೆರಳಿನಿಂದ ಆ ಗೆರೆ ಸವರಿದರು. ಕೆಳಗಿನ ಗುಂಡಿಯನ್ನು ಸ್ವಲ್ಪ ತಿರುಗಿಸಿ ಕೈ ಬಿಟ್ಟರು. ಅದು ಟಿಕ್ ಟಿಕ್ ಎನ್ನುತ್ತಾ ಹಿಂದಕ್ಕೆ ಬರತೊಡಗಿತು. ಅದು ಟಿಣ್ ಎನ್ನುವವರೆಗೂ ಅತ್ತೆ ಕಿವಿ ಕೊಟ್ಟು ನಿಂತರು. ಇನ್ನೊಂದು ಸಲ, ಈ ಸಲ ಹೆಚ್ಚು ತಿರುಗಿಸಿ, ಮತ್ತೆ ಕಾದರು.

'ಇದು ಸರಿಯಾಗೈತೆ' ಅಂದರು.

ಸೇಲ್ಸ್‌ಮನ್‌ಗೆ ಕಸಿವಿಸಿ. 'ಅಮ್ಮಾ, ಅದು ಹಳೇ ಮಾಡೆಲ್. ಅದಕ್ಕೆ ಗೋಡೆ ಫ್ರೇಮ್ ಬರಲ್ಲ.'

'ಫ್ರೇಮು ನಮ್ಮಾಚಾರಿ ಮಾಡ್ತಾನೆ ಬುಡಪ್ಪ.'

ನಾನು ಗಾಜಿನ ಓವನ್ ಕಡೆ ಒಮ್ಮೆ ತಿರುಗಿ ನೋಡಿದೆ. ನನ್ನ ಮನಸ್ಸಿನಲ್ಲಿ ಅದು ಆಗಲೇ ಹೊಸ ಅಡುಗೆಮನೆಯ ಗೋಡೆಯಲ್ಲಿ ಕೂತುಬಿಟ್ಟಿತ್ತು. ಈ ಬಿಳಿ ಡಬ್ಬಿ ಅಲ್ಲಿ ಹೇಗೆ ಕಾಣುತ್ತದೋ ಅನ್ನಿಸಿತು. ಯಜಮಾನರು ತಾಯಿಯ ಹತ್ತಿರ ಹೋಗಿ ದನಿ ತಗ್ಗಿಸಿ, 'ಅವ್ವ, ನಿಜವಾಗ್ಲೂ ನೀನೇ ಬಳಸ್ತೀಯಾ?' ಅಂದರು.

'ಬಳಸ್ದೆ ಮತ್ತೆ? ಪೂಜೆ ಮಾಡಕ್ಕಾ ಇಷ್ಟು ದೂರ ಬಂದಿರದು?'

ಅದನ್ನೇ ತೆಗೆದುಕೊಂಡೆವು.

ಆಚಾರಿ ಆಗಲೇ ಗಾಜಿನದರ ಅಳತೆಗೆ ಗೂಡು ಕಟ್ಟಿದ್ದ. ಹೊಸದು ಅದಕ್ಕಿಂತ ಅಗಲದಲ್ಲಿ ಚಿಕ್ಕದು, ಆಳದಲ್ಲಿ ದೊಡ್ಡದು. ಗೊಣಗುತ್ತಲೇ ಬಿಚ್ಚಿ ಮತ್ತೆ ಕಟ್ಟಿದ. ನೋಡಲು ಚೆನ್ನಾಗಿರಲೆಂದು ಸುತ್ತಲೂ ಹಲಗೆಯನ್ನು ಒಂದು ಎಳೆ ಸಂದೂ ಬಿಡದೆ ಬಿಗಿದಿದ್ದ. ಜೊತೆಗೆ ಬಂದ ಪುಸ್ತಕ ಓದಿದರೆ, ಮೇಲೆ ಹಿಂದೆ ಗಾಳಿಯಾಡಲು ಜಾಗ ಬಿಡದಿದ್ದರೆ ಯಂತ್ರ ಕಾದು ಕೆಡುತ್ತದೆ ಎಂದಿತ್ತು. ನಾನು ಅದನ್ನು ಓದಿ ಹೇಳಿದ ಮೇಲೆ ಎರಡನೇ ಸಲ ಬಿಚ್ಚಿ ಮೇಲ್ಗಡೆ ಪಟ್ಟಿ ಪಟ್ಟಿಯಾಗಿ ಸಂದು ಬಿಟ್ಟ. ಬೀರುವಿನ ಕಂದು ಬಣ್ಣದ ನಡುವೆ ಬಿಳಿ ಓವನ್ನು ಹಲ್ಲಿನಂತೆ ಎದ್ದು ಕಾಣುತ್ತಿತ್ತು. ಒಂದೆರಡು ವಾರ ಅದು ನನ್ನ ಕಣ್ಣಿಗೆ ಚುಚ್ಚಿತು, ಆಮೇಲೆ ಅಭ್ಯಾಸವಾಯಿತು.

ಎತ್ತರ ಗೊತ್ತು ಮಾಡಿದ್ದು ಯಜಮಾನರು. ಅತ್ತೆಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಆ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿದರು. ಬಟ್ಟಲನ್ನು ಎತ್ತಿ ಇಳಿಸುವ ಹಾಗಿರಬಾರದು, ನೇರ ಎಳೆದುಕೊಳ್ಳುವ ಹಾಗಿರಬೇಕು ಎಂದರು. ಓವನ್ನಿನ ಮುಂದೆ ಅದೇ ಮಟ್ಟಕ್ಕೆ ಒಂದು ಸಣ್ಣ ಹಲಗೆ ಕೂಡ ಹಾಕಿಸಿದರು, ಬಿಸಿ ಬಟ್ಟಲು ಹೊರಗೆ ತಂದ ತಕ್ಷಣ ಇಡಲು. ನನಗೆ ಅದು ಹೊಳೆದಿರಲಿಲ್ಲ. ಬೇಡ ಬೇಡ ಅನ್ನುತ್ತಲೇ ಅವರು ಎಷ್ಟು ಯೋಚಿಸಿದ್ದರು ಎಂದು ಆಗ ಗೊತ್ತಾಯಿತು.

ಗೃಹಪ್ರವೇಶವಾಗಿ ಹೊಸ ಮನೆಗೆ ಬಂದ ಮೇಲೆ ಕಲಿಯುವ ಕೆಲಸ ಶುರುವಾಯಿತು. ಸಂಜೆ ಹೊತ್ತು ಅತ್ತೆ ಗೋಡೆ ಹಿಡಿದು ಬಂದು ಬಾಗಿಲು ತೆರೆದು ನೀರಿನ ಬಟ್ಟಲು ಇಟ್ಟು ಗುಂಡಿ ತಿರುಗಿಸುವುದು. ಅವರ ಹಿಂದೆ ಯಜಮಾನರು, ಸೈಕಲ್ ಕಲಿಸುವವರ ಹಾಗೆ ಎರಡೂ ಕೈ ಚಾಚಿಕೊಂಡು. 'ನೀನು ಉಸಿರು ಬಿಡೋದು ನನ್ನ ಕತ್ತಿಗೆ ತಾಕ್ತೈತೆ, ವಸಿ ಆಕಡೆಗೋಗ್ಲಾ' ಎಂದು ಅತ್ತೆ ರೇಗುತ್ತಿದ್ದರು.

ದೊಡ್ಡ ತೊಡಕಾದದ್ದು ಪಾತ್ರೆಯದು. ಸ್ಟೀಲು ಒಳಗೆ ಹೋಗುವಂತಿಲ್ಲ, ಮತ್ತು ಅತ್ತೆಯ ಜೀವನವೆಲ್ಲ ಕಳೆದದ್ದು ಸ್ಟೀಲು ಹಿತ್ತಾಳೆಯಲ್ಲೇ. ಪ್ಲಾಸ್ಟಿಕ್ಕಿನಲ್ಲಿ ಉಣ್ಣಲಾರೆ ಎಂದರು. ದಪ್ಪ ಗಾಜಿನ ಬಟ್ಟಲು ತಂದೆ. ಒಳಗಿಡುವ ಮುಂಚೆ ಅವರು ಗಾಜೋ ಸ್ಟೀಲೋ ಎಂದು ಉಗುರಿನಿಂದ ಒಮ್ಮೆ ಬಡಿದು ಸದ್ದು ಕೇಳಿಕೊಳ್ಳುತ್ತಿದ್ದರು. ಒಂದು ಭಾನುವಾರ ಪಲ್ಯದ ಬಟ್ಟಲು ಇಟ್ಟು ಗುಂಡಿ ತಿರುಗಿಸಿದ್ದೇ ತಡ, ಒಳಗೆ ಚಟಚಟ ಎಂದು ನೀಲಿ ಕಿಡಿ. ಅತ್ತೆ ಆ ಸದ್ದಿಗೇ ಬಾಗಿಲು ತೆರೆದು ಆರಿಸಿದರು. ಯಜಮಾನರು, 'ಇವತ್ತಿಂದ ಇದು ಬೇಡ. ನಾನು ಮೊದಲೇ ಹೇಳಿದ್ದೆ' ಎಂದು ಕೂಗಿದರು. ಅತ್ತೆ ಬಟ್ಟಲಿನೊಳಗೆ ಕೈ ಹಾಕಿ ಸ್ಟೀಲ್ ಚಮಚ ಹೊರತೆಗೆದು, 'ಇದನ್ನ ಇಟ್ಟೋರ್ಯಾರು?' ಅಂದರು. ಸ್ವಲ್ಪ ಹೊತ್ತಿನ ಹಿಂದೆ ಉಪ್ಪು ನೋಡಲೆಂದು ಆ ಚಮಚ ಹಾಕಿದ್ದವರು ಯಜಮಾನರೇ. ಅವರು ಹೊರಗೆ ಹೋಗಿ ಗಿಡಕ್ಕೆ ನೀರು ಬಿಡತೊಡಗಿದರು.

ಇನ್ನೊಂದು ಕರೆಂಟು. ಆ ದಿನಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಯುಪಿಎಸ್ ಈ ಯಂತ್ರದ ಭಾರ ತಡೆಯುವುದಿಲ್ಲ. ಅತ್ತೆ ಅದಕ್ಕೆ ತಮ್ಮ ಊಟವನ್ನೇ ಬೇಗ ಮುಗಿಸಿಕೊಳ್ಳತೊಡಗಿದರು. ಎದುರು ಮನೆಯವರು ಟಿಫನ್ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನಮ್ಮತ್ತೆ ಬಿಸಿ ಬಿಸಿ ಅನ್ನ ಸಾರು ಉಂಡು ಎದ್ದಿರುತ್ತಿದ್ದರು.

ಇದನ್ನೆಲ್ಲ ಭಾವನಿಗೆ ನಾವು ಹೇಳಿರಲಿಲ್ಲ. ಹೇಳಬೇಕು, ಹೇಳೋಣ ಅನ್ನುವುದರಲ್ಲೇ ತಿಂಗಳುಗಳು ಕಳೆದಿದ್ದವು.

ಗುಬ್ಬಿಯಲ್ಲಿ ಆವತ್ತು ಸಂತೆ. ಸಂಜೆ ಬಸ್ಸುಗಳೆಲ್ಲ ತುಂಬಿ ಹೋಗಿ, ನಾನು ಮನೆ ಸೇರುವಾಗ ತಡವಾಗಿತ್ತು. ಬಾಗಿಲಲ್ಲಿ ಗಂಡಸಿನ ಚಪ್ಪಲಿ, ಪಕ್ಕದಲ್ಲಿ ಎಳನೀರಿನ ಗೊನೆ. ಒಳಗೆ ಹಾಲ್‌ನಲ್ಲಿ ಭಾವ ಕೂತಿದ್ದರು. ಹೊಲದ ಪಂಪಿನ ಮೋಟಾರು ರಿಪೇರಿಗೆ ತಂದವರು, ಅದು ಮುಗಿಯುವ ತನಕ ಅವ್ವನನ್ನು ನೋಡೋಣ ಎಂದು ಮಧ್ಯಾಹ್ನದ ಕರೆಂಟು ಹೋಗುವ ಮುಂಚೆಯೇ ಬಂದಿದ್ದರಂತೆ. ಅತ್ತೆ ಎದುರಿಗೆ ಕುರ್ಚಿಯಲ್ಲಿದ್ದರು. ಭಾವನ ಮುಖ ಬಿಗಿದಿತ್ತು.

'ಏನಮ್ಮ, ಅವ್ವನ ಕೈಲಿ ಅಡುಗೆ ಮಾಡಿಸ್ತಿದ್ದೀರಂತೆ?' ಅಂದರು.

ಅತ್ತೆಯೇ ಮುಂದಾಗಿ, 'ಅಡ್ಗೆ ಯಾರ್ ಮಾಡಿದ್ರು? ಮಾಡಿಟ್ಟಿದ್ನ ಬಿಸಿ ಮಾಡ್ದೆ. ಒಲೆ ಮುಟ್ಟಬ್ಯಾಡ ಅಂತ ನೀನು ಆಣೆ ಇಟ್ಟಿದ್ದೆ, ಮುಟ್ಟಿಲ್ಲ. ಇದು ಒಲೆಯಲ್ಲ, ಕರೆಂಟಿನ ಪೆಟ್ಟಿಗೆ' ಅಂದರು.

ಭಾವ ನನ್ನ ಕಡೆ ತಿರುಗಿ ಹೇಳತೊಡಗಿದರು. 'ನಾನು ಬಂದಾಗ ಹಸ್ದಿದ್ದೆ. ಹೋಟ್ಲಿಗೆ ಹೋಗಿ ಬತ್ತೀನಿ ಕಣವ್ವ ಅಂದೆ. ಕೂತ್ಕೋ ಅಂತು. ಗೋಡೆ ಹಿಡ್ಕಂಡು ಒಳೀಕೋಯ್ತು. ನಾನು ಎದ್ದೆ, ಎಲ್ಲಿಗವ್ವ ಅಂದೆ, ಕೂತ್ಕೋ ಅಂತು ಜೋರಾಗಿ. ಒಳಗೆ ಏನೋ ಗುಂಯ್ ಅಂತು, ಟಿಣ್ ಅಂತು. ನಾನು ಬಾಗ್ಲಲ್ಲಿ ನಿಂತು ನೋಡ್ತಾವ್ನಿ. ಬಟ್ಟೆ ಸುತ್ಕಂಡು ಬಟ್ಲು ಎತ್ಕಂಡು ಬತ್ತಾ ಐತೆ.'

'ಉಂಡ್ರಾ ಭಾವ?' ಅಂದೆ.

'ಉಂಡೆ. ಎರಡು ಸಲ ಇಕ್ಕಿಸ್ಕೊಂಡೆ. ಸಾರಿಗೆ ಉಪ್ಪು ಕಮ್ಮಿ ಇತ್ತು' ಅಂದರು.

'ಅದು ನಾನಲ್ಲಪ್ಪ, ಇವ್ಳು ಮಾಡಿದ್ದು' ಅಂದರು ಅತ್ತೆ.

ಭಾವ ನಕ್ಕರು. ಅಷ್ಟು ಹೊತ್ತು ತಡೆದಿಟ್ಟ ನಗು ನನಗೂ ಬಂತು. ಆಮೇಲೆ ಅವರು ಎದ್ದು ಹೋಗಿ ಓವನ್ನಿನ ಬಾಗಿಲು ತೆಗೆದು ಒಳಗೆ ಬೆಂಕಿ ಎಲ್ಲಿದೆ ಎಂದು ಕೈ ಹಾಕಿ ನೋಡಿದರು. ಗುಂಡಿ ತಿರುಗಿಸಿದರು. ಅತ್ತೆ ಕೂತಲ್ಲಿಂದಲೇ, 'ಖಾಲಿ ಓಡಿಸಬಾರ್ದು ಕಣ್ಲಾ, ಕೆಟ್ಟೋಯ್ತದೆ' ಎಂದು ಕೂಗಿದರು. ಭಾವ ಪೆಚ್ಚಾಗಿ ಕೈ ತೆಗೆದರು.

ಕಾಫಿ ಕುಡಿದು ಹೊರಟವರನ್ನು ಕಳಿಸಲು ಗೇಟಿನವರೆಗೆ ಹೋದೆ. ಭಾವ ಮೆಲ್ಲಗೆ ಹೇಳಿದರು, 'ಆವತ್ತು ಉರಿಯೋ ಸೆರಗಿಗೆ ನೀರು ಹುಯ್ದೋನು ನಾನು ಕಣಮ್ಮ. ಈಗ್ಲೂ ಕಣ್ಮುಂದೆ ಬತ್ತೈತೆ. ಅದಕ್ಕೇ ಬ್ಯಾಡ ಅಂದಿದ್ದು, ಬ್ಯಾರೆ ಯಾತಕ್ಕೂ ಅಲ್ಲ.'

'ಗೊತ್ತು ಭಾವ' ಅಂದೆ.

'ಅವ್ವ ನಂಗೆ ಇಕ್ಕಿ ಎಷ್ಟು ವರ್ಷ ಆಗಿತ್ತೋ' ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಆಮೇಲೆ ಅವರು ಕೊತ್ತಗೆರೆಯಲ್ಲೂ ಅಂಥದ್ದೊಂದು ತರುವ ಮಾತಾಡಿದರು. ಆದರೆ ಅಲ್ಲಿ ಹಗಲು ಕರೆಂಟು ಯಾವಾಗ ಇರುತ್ತದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದು ಮಾತಾಗಿಯೇ ಉಳಿಯಿತು. ಅದಕ್ಕೆ ಬದಲು ಅವರೇ ಮೊದಲಿಗಿಂತ ಹೆಚ್ಚಾಗಿ ಬರತೊಡಗಿದರು, ಯಾವಾಗಲೂ ಊಟದ ಹೊತ್ತಿಗೆ ಮುಂಚೆ.

ಅತ್ತೆಯ ಧೈರ್ಯ ಬೆಳೆಯಿತು. ಹಾಲು ಕಾಯಿಸಿದರು, ಹಪ್ಪಳ ಸುಟ್ಟರು, ಬೆಳ್ಳುಳ್ಳಿ ಬಿಸಿ ಮಾಡಿ ಸಿಪ್ಪೆ ಜಾರಿಸಿದರು. ಮುದ್ದೆ ಮಾತ್ರ ಅದರಲ್ಲಿ ಬಿಸಿ ಮಾಡಿದರೆ ಅಂಚು ಒಣಗುತ್ತದೆ, ನಡು ತಣ್ಣಗೇ ಇರುತ್ತದೆ ಎಂದು ಕೈಬಿಟ್ಟರು. ಕಡ್ಲೆಕಾಯಿ ಬೀಜ ಹುರಿಯುವುದನ್ನು ಯಾರೂ ಹೇಳಿಕೊಡದೆ ಅವರೇ ಕಂಡುಕೊಂಡರು. ಸ್ವಲ್ಪ ತಿರುಗಿಸುವುದು, ಬಾಗಿಲು ತೆರೆದು ಮೂಸುವುದು, ಕೆದಕಿ ಮತ್ತೆ ಸ್ವಲ್ಪ ತಿರುಗಿಸುವುದು. ನಾನು ಸಂಜೆ ಬರುವಾಗ ಗೇಟಿನ ಹತ್ತಿರಕ್ಕೇ ಘಮ ಬರುತ್ತಿತ್ತು. ಒಂದೊಂದು ದಿನ ಸೀದು ಹೋಗಿರುತ್ತಿತ್ತು. ಅಂಥ ದಿನ ಅವರು ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಫ್ಯಾನು ಜೋರಾಗಿ ಹಾಕಿಕೊಂಡು, ಏನೂ ಆಗದವರ ಹಾಗೆ ಕೂತು ರೇಡಿಯೋ ಕೇಳುತ್ತಿದ್ದರು. ನಾನೂ ಏನನ್ನೂ ಕೇಳದೆ ಕೈಕಾಲು ತೊಳೆಯಲು ಹೋಗುತ್ತಿದ್ದೆ.